ಐದು ಹನಿಗಳ ಹಾಡು

ಬಸ್ಸು ಸಕಲೇಶಪುರ ದಾಟಿತೋ ಇಲ್ಲವೋ, ಮಳೆ ಹಿಡಿದುಕೊಂಡಿತು. ಕಿಟಕಿಗಳು ಒಂದೊಂದಾಗಿ ದಡದಡನೆ ಮುಚ್ಚಿಕೊಂಡವು. ಒಳಗೆಲ್ಲ ಒದ್ದೆ ಕೊಡೆ, ಒದ್ದೆ ಚೀಲದ ವಾಸನೆ. ಸಂದಿಯಿಂದ ನುಗ್ಗಿದ ಎರಚಲು ಹೆಗಲನ್ನು ತಣ್ಣಗೆ ಮುಟ್ಟುತ್ತಿತ್ತು. ಡ್ರೈವರ್ ಮಬ್ಬಾದ ಗಾಜನ್ನು ಬಟ್ಟೆಯಿಂದ ಒರೆಸಿ, ಎಡಗೈಯಲ್ಲೇ ಗುಂಡಿಯೊಂದನ್ನು ಒತ್ತಿದರು. ‘ಅನಿಸುತಿದೆ’ ಹಾಡು ಶುರುವಾಯಿತು.

ಚಿಲ್ಲರೆ ಎಣಿಸುತ್ತಿದ್ದ ಕಂಡಕ್ಟರ್ ತುಟಿ ತಾನಾಗಿ ಅಲುಗಿತು. ತೂಕಡಿಸುತ್ತಿದ್ದ ಕಾಲೇಜು ಹುಡುಗ ಕಣ್ಣು ಬಿಟ್ಟ. ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿನ ಬೆರಳು ಬುಟ್ಟಿಯ ಅಂಚಿನ ಮೇಲೆ ತಾಳ ಹಿಡಿಯಿತು. ಯಾರೂ ಯಾರನ್ನೂ ನೋಡಲಿಲ್ಲ. ಒಬ್ಬೊಬ್ಬರೂ ತಂತಮ್ಮ ನೆನಪಿನ ಕಡೆ ಮುಖ ಮಾಡಿ ಕೂತರು.

ಈ ಹಾಡಿರುವ ಸಿನಿಮಾ, ಯೋಗರಾಜ್ ಭಟ್ಟರ ‘ಮುಂಗಾರು ಮಳೆ’, ತೆರೆಗೆ ಬಂದದ್ದು 2006ರ ಡಿಸೆಂಬರ್ 29ರಂದು. ಮಲೆನಾಡಿನಲ್ಲಿ ಆಗ ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಹಣ್ಣು ಹರವಿದವರು ಒಂದು ಹನಿಯೂ ಬೀಳದಿರಲಪ್ಪಾ ಎಂದು ಆಕಾಶ ನೋಡುವ ದಿನಗಳು. ಅಂಥ ಒಣ ಮಾಗಿಯಲ್ಲಿ ನಾಡಿನ ತುಂಬ ಮುಂಗಾರು ಸುರಿಯಿತು. ಆಟೋದಲ್ಲಿ, ಟೀ ಅಂಗಡಿಯಲ್ಲಿ, ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಇದೇ ಹಾಡು. ಆಗಷ್ಟೇ ಅಂಗಿ ಜೇಬಿಗೆ ಬಂದಿದ್ದ ಮೊಬೈಲಿಗೂ ಇದೇ ರಿಂಗ್‌ಟೋನ್. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಸಿನಿಮಾ ವರ್ಷಕ್ಕೂ ಮೀರಿ ಓಡಿತು.

ಈ ಹಾಡು ಕಟ್ಟಿದವರು ಎಲ್ಲೆಲ್ಲಿಂದಲೋ ಬಂದು ಸೇರಿದವರು. ರಾಗ ಹಾಕಿದ ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ. ದನಿಯಾದ ಸೋನು ನಿಗಮ್ ಉತ್ತರದಲ್ಲಿ ಹುಟ್ಟಿ ಬೆಳೆದು ಮುಂಬೈಯಲ್ಲಿ ಹೆಸರಾದವರು. ಮಾತು ಕೊಟ್ಟ ಜಯಂತ ಕಾಯ್ಕಿಣಿ ಗೋಕರ್ಣದವರು. ಜೀವರಸಾಯನಶಾಸ್ತ್ರ ಓದಿ, ಮುಂಬೈಯಲ್ಲಿ ವರ್ಷಗಟ್ಟಲೆ ದುಡಿದು, ಆ ಊರಿನ ಜನಜಂಗುಳಿಯನ್ನು ಕನ್ನಡದ ಕತೆಗಳಿಗೆ ತಂದವರು. ಕತೆಗಾರನ ಕಿವಿ ಹಾಡಿಗೆ ಒದಗಿ ಬಂತು.

ಅದು ಒದಗಿದ ಬಗೆ ಮೊದಲ ಪದದಲ್ಲೇ ಕಾಣುತ್ತದೆ. ಬರೆಯುವಾಗ ನಾವು ‘ಅನಿಸುತ್ತಿದೆ’ ಎಂದು ಒತ್ತು ಕೊಡುತ್ತೇವೆ. ಹಾಡಿನಲ್ಲಿ ಆ ಒತ್ತು ಉದುರಿದೆ. ಅದರಿಂದ ‘ಸು’ ಗುರುವಾಗದೆ ಲಘುವಾಗಿಯೇ ಉಳಿಯಿತು. ಅ, ನಿ, ಸು, ತಿ, ದೆ: ಐದಕ್ಕೆ ಐದೂ ಲಘು. ಮಳೆ ಜೋರಾಗುವ ಮೊದಲು ಹೆಂಚಿನ ಮೇಲೆ ಬೀಳುವ ಹನಿಗಳಂತೆ.

ಪದದ ಸ್ವಭಾವವೂ ಹಾಗೆಯೇ. ನಾನು ಹೇಳುತ್ತೇನೆ, ನಾನು ಬಯಸುತ್ತೇನೆ ಎನ್ನುವಾಗ ‘ನಾನು’ ಎದೆಯುಬ್ಬಿಸಿ ಮುಂದೆ ನಿಲ್ಲುತ್ತಾನೆ. ಅನಿಸುವುದು ಮಾತ್ರ ‘ನನಗೆ’. ಅದು ನಾನು ಮಾಡುವ ಕೆಲಸವಲ್ಲ, ನನಗೆ ಆಗುವಂಥದ್ದು. ಹೌದು ಎನ್ನುವ ಧೈರ್ಯ ಇನ್ನೂ ಬಂದಿಲ್ಲ, ಅಲ್ಲ ಎನ್ನಲು ಮನಸ್ಸಿಲ್ಲ. ಆ ನಡುವಿನ ತಡವರಿಕೆಯಲ್ಲೇ ನಮ್ಮಲ್ಲಿ ಬಹಳ ಜನರ ಪ್ರೀತಿ ಮೊದಲಾಗುತ್ತದೆ. ಎಷ್ಟೋ ಜನರದ್ದು ಅಲ್ಲೇ ಮುಗಿಯುತ್ತದೆ. ಬಾಯಿಬಿಟ್ಟು ಹೇಳಲಾರದವರಿಗೆ ಈ ಹಾಡು ಬಾಯಾಯಿತು.

ಸಿನಿಮಾದಲ್ಲಿ ಗಣೇಶ್ ಅಭಿನಯಿಸಿದ ಪ್ರೀತಂಗೆ ನಂದಿನಿ ಸಿಗುವುದಿಲ್ಲ. ಅವಳನ್ನು ಬಿಟ್ಟುಕೊಟ್ಟು, ದೇವದಾಸ ಎಂಬ ಮೊಲವನ್ನೂ ಕಳೆದುಕೊಂಡು ಅವನು ಮಳೆಯಲ್ಲಿ ಉಳಿಯುತ್ತಾನೆ. ಹಾಡು ಹುಟ್ಟುವಾಗ ಇರುವ ಆಸೆಗೂ ಕತೆ ಮುಗಿಯುವಾಗ ಉಳಿಯುವ ನೋವಿಗೂ ಈ ಒಂದೇ ಪದ ಸಾಕಾಗುತ್ತದೆ.

ಬಸ್ಸು ಘಾಟಿ ಇಳಿಯತೊಡಗಿತು. ತಿರುವಿನಲ್ಲಿ ಯಾರೋ ಕೈ ಅಡ್ಡ ಹಿಡಿದರು. ಕಂಡಕ್ಟರ್ ಸೀಟಿ ಕೇಳಲೆಂದು ಡ್ರೈವರ್ ಹಾಡಿನ ಸದ್ದು ಪೂರ್ತಿ ತಗ್ಗಿಸಿದರು. ಬಾಗಿಲು ತೆರೆಯಿತು, ಮಳೆಯ ಜೊತೆ ಒಬ್ಬ ಮುದುಕ ಒಳಗೆ ಬಂದ. ಆ ಅರೆ ನಿಮಿಷದ ಮೌನದಲ್ಲೂ ಬುಟ್ಟಿಯ ಮೇಲಿನ ಬೆರಳು ತಾಳ ತಪ್ಪಲಿಲ್ಲ.