ಚಿಕಿತ್ಸೆಯೂ ಅಧ್ಯಾಪನವೂ: ಮಲೆನಾಡಿನ ಮೂರು ತಾಲ್ಲೂಕುಗಳ ಪ್ರಶ್ನೆ

ವೈದ್ಯನ ಕೆಲಸ ರೋಗಿಯ ಪ್ರಾಣವನ್ನು ಉಳಿಸುವುದು. ಉಪಾಧ್ಯಾಯನ ಕೆಲಸ ಶಿಷ್ಯನಿಗೆ ವಿದ್ಯೆಯನ್ನು ಕಲಿಸುವುದು. ಈ ಎರಡು ಭಾರಗಳನ್ನೂ ಒಬ್ಬನ ಹೆಗಲಿನ ಮೇಲೆಯೇ ಹೊರಿಸಿದರೆ ಎರಡೂ ಅರೆಬರೆಯಾಗುವುವೆಂದು ಹೇಳುವ ವಿಚಾರವಂತರು ನಮ್ಮಲ್ಲಿ ಕೆಲವರುಂಟು. ಅದರಲ್ಲಿಯೂ ಪ್ರಾಣಾಪಾಯದಲ್ಲಿರುವವರನ್ನು ಹಗಲಿರುಳೂ ಕಾಯುವ ತೀವ್ರ ನಿಗಾ ಘಟಕದ ವೈದ್ಯನಿಗೆ ಪಾಠ ಹೇಳುವ ಗೊಡವೆ ಏಕೆ, ಆತನನ್ನು ರೋಗಿಗಳಿಗೇ ಬಿಟ್ಟುಕೊಡಬಾರದೇ ಎಂಬ ಪ್ರಶ್ನೆಯು ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸ್ಥಿತಿಯನ್ನು ಕಣ್ಣೆದುರಿಗಿಟ್ಟುಕೊಂಡು ವಿಚಾರ ಮಾಡಿದರೆ ಇದಕ್ಕೆ ಬೇರೆಯೇ ಉತ್ತರ ದೊರೆಯುವುದೆಂದು ನಮ್ಮ ಅಭಿಪ್ರಾಯ. ಆ ಅಭಿಪ್ರಾಯವನ್ನು ಕಾರಣಸಹಿತವಾಗಿ ವಾಚಕರ ಮುಂದಿಡುತ್ತೇವೆ.

ಈ ಮೂರು ತಾಲ್ಲೂಕುಗಳು ಅಡಿಕೆಗೂ ಮಳೆಗೂ ಕಾಡಿಗೂ ಹೆಸರಾದವು. ಇಲ್ಲಿಯ ರೈತನೂ ಕೂಲಿಯವನೂ ಕಾಡಿನ ಅಂಚಿನಲ್ಲಿಯೇ ಬಾಳುವವರು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ, ಎಲ್ಲಕ್ಕೂ ಕಾಡೇ ಗತಿ. ಅನ್ನವನ್ನು ಕೊಡುವ ಆ ಕಾಡಿನಿಂದಲೇ ಒಂದು ಘೋರವಾದ ರೋಗವೂ ಬಂದಿದೆ. 1957ರಲ್ಲಿ ಸಾಗರದ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೆಂಪುಮೂತಿಯ ಮಂಗಗಳೂ ಸತ್ತು ಬೀಳತೊಡಗಿದವು. ಅದರ ಬೆನ್ನಲ್ಲಿಯೇ ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಪರದೇಶದ ಹಳದಿ ಜ್ವರವೇ ಬಂದಿತೋ ಎಂದು ಮೊದಲು ಎಲ್ಲರೂ ಅಂಜಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಶೋಧಿಸಿ, ಇದು ಜಗತ್ತಿಗೆ ಹೊಸದಾದ ವೈರಸ್ಸೆಂದೂ, ರಷ್ಯಾದ ಕಾಡುಗಳಲ್ಲಿ ಉಣ್ಣಿಗಳಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಬಳಗದ್ದೆಂದೂ, ಇಲ್ಲಿಯೂ ಕಾಡಿನ ಉಣ್ಣಿಗಳ ಕಡಿತದಿಂದಲೇ ಮನುಷ್ಯರಿಗೆ ತಗಲುವುದೆಂದೂ ಸ್ಥಾಪಿಸಿದರು. ಹೀಗೆ ಮಲೆನಾಡಿನ ಒಂದು ಸಣ್ಣ ಊರಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳನ್ನು ಸೇರಿತು. ಜನರ ಬಾಯಲ್ಲಿ ಮಾತ್ರ ಅದು ಮಂಗನ ಕಾಯಿಲೆ. 2018ರ ಕೊನೆಯಲ್ಲಿಯೂ 2019ರ ಮೊದಲ ತಿಂಗಳುಗಳಲ್ಲಿಯೂ ಸಾಗರ ತಾಲ್ಲೂಕಿನ ಅರಳಗೋಡು ಪ್ರಾಂತದಲ್ಲಿ ಅದು ಮಾಡಿದ ಹಾವಳಿಯನ್ನು ಆ ಸೀಮೆಯ ಮನೆಗಳು ಇನ್ನೂ ಮರೆತಿಲ್ಲ. 2024ರ ಆರಂಭದಲ್ಲಿ ಹೊಸನಗರ ತಾಲ್ಲೂಕಿನಿಂದಲೂ ಸಾವಿನ ವರ್ತಮಾನ ಬಂದಿತು.

ರೋಗದ ಲಕ್ಷಣವನ್ನು ತುಸು ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ವಾದದ ಬೇರು ಅಲ್ಲಿಯೇ ಇದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. ಇದ್ದಕ್ಕಿದ್ದಂತೆ ಚಳಿಜ್ವರ, ತಾಳಲಾರದ ತಲೆನೋವು, ಮೈಕೈಗಳ ಸೆಳೆತ. ಮೂರು ನಾಲ್ಕು ದಿನಗಳಾದ ಮೇಲೆ ವಾಂತಿ, ಭೇದಿ. ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ರಕ್ತದ ಒತ್ತಡವೂ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳೂ ಇಳಿಯುತ್ತವೆ. ಬಹುಮಂದಿ ಎರಡು ವಾರಗಳಲ್ಲಿ ಚೇತರಿಸಿಕೊಳ್ಳುವರು. ಆದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ಜ್ವರ ಬಿಟ್ಟಿತೆಂದು ಮನೆಯವರು ನೆಮ್ಮದಿಯಾಗಿರುವಾಗ, ಮೂರನೆಯ ವಾರದಲ್ಲಿ ಮತ್ತೆ ಜ್ವರ ಮರುಕಳಿಸಿ ತಲೆನೋವು, ನಡುಕ, ಬುದ್ಧಿಭ್ರಮೆಗಳು ಕಾಣಿಸಿಕೊಳ್ಳುತ್ತವೆ. ಸಾಯುವವರು ನೂರಕ್ಕೆ ಮೂರರಿಂದ ಐದು ಮಂದಿ. ಈ ವೈರಸ್ಸನ್ನು ಕೊಲ್ಲುವ ನಿಶ್ಚಿತವಾದ ಔಷಧವಿಲ್ಲ. ದಶಕಗಳ ಕಾಲ ಕೊಟ್ಟ ಲಸಿಕೆಯೂ ಸಾಕಷ್ಟು ರಕ್ಷಣೆ ಕೊಡಲಿಲ್ಲವೆಂದು 2022ರ ಸುಮಾರಿಗೆ ನಿಂತುಹೋಯಿತು. ಹೊಸ ಲಸಿಕೆಗಾಗಿ ಪ್ರಯತ್ನ ಆರಂಭವಾಗಿದೆ.

ಔಷಧವಿಲ್ಲದ ರೋಗದಲ್ಲಿ ರೋಗಿಯನ್ನು ಉಳಿಸತಕ್ಕದ್ದು ವಿವೇಕವುಳ್ಳ ಶುಶ್ರೂಷೆಯೊಂದೇ. ನೋವನ್ನು ಕಳೆಯಲೆಂದು ಡೈಕ್ಲೋಫೆನಾಕಿನಂತಹ ಇಂಜೆಕ್ಷನ್ನು ಕೊಟ್ಟರೆ ರಕ್ತಸ್ರಾವ ಹೆಚ್ಚುವ ಭಯವುಂಟು. ಸಲೈನು ಸಾಲದಿದ್ದರೆ ರಕ್ತದೊತ್ತಡ ಕುಸಿಯುವುದು. ಮಿತಿಮೀರಿದರೆ ಶ್ವಾಸಕೋಶದಲ್ಲಿ ನೀರು ತುಂಬುವುದು. ಗಂಟೆಗಂಟೆಗೆ ನಾಡಿ, ಉಸಿರು, ಮೂತ್ರದ ಪ್ರಮಾಣ, ಎಚ್ಚರದ ಮಟ್ಟ ಇವುಗಳನ್ನು ನೋಡಿ ಬರೆದಿಡಬೇಕು. ಕೆಡುವ ಸೂಚನೆಯನ್ನು ಕೆಡುವುದಕ್ಕೆ ಮುಂಚೆಯೇ ಗುರುತಿಸಬೇಕು. ಈ ತೀರ್ಮಾನಗಳು ನಡೆಯುವುದು ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಲ್ಲ. ರೋಗಿಯು ಅಲ್ಲಿಗೆ ತಲಪುವ ಮೊದಲೇ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ, ಕಡೆಗೆ ಆಂಬುಲೆನ್ಸಿನಲ್ಲಿ, ಅನುಭವ ಕಡಮೆಯಿರುವ ತರುಣ ವೈದ್ಯರಿಂದಲೂ ನರ್ಸುಗಳಿಂದಲೂ ನಡೆದುಹೋಗಿರುತ್ತವೆ.

ಆ ದಾರಿಯಾದರೂ ಎಂತಹದು? ವೈದ್ಯಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಿರುವ ಶಿವಮೊಗ್ಗಕ್ಕೆ ಸಾಗರದಿಂದ ಸುಮಾರು 70 ಕಿಲೋಮೀಟರು, ತೀರ್ಥಹಳ್ಳಿಯಿಂದ ಸುಮಾರು 60. ಪಟ್ಟಣದಿಂದಾಚೆಯ ಹಳ್ಳಿಗಳಿಂದ ಇನ್ನೂ ದೂರ. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರಬಾ ವೈದ್ಯಕಾಲೇಜು ಸ್ಥಾಪನೆಯಾದ ಬಳಿಕ ಘಟ್ಟದ ಮೇಲಿನ ಜನರು ಅಲ್ಲಿಗೂ ಹೋಗುವುದು ರೂಢಿಯಾಗಿದೆ. ಅಲ್ಲಿಗೆ ಹೋಗಬೇಕಾದರೆ ಆಗುಂಬೆಯ 14 ತಿರುವುಗಳನ್ನಾದರೂ ಹುಲಿಕಲ್ಲು ಘಾಟಿಯನ್ನಾದರೂ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರಿನ ಆಚೆಗುಳಿದ ತುಮರಿ ಸೀಮೆಯವರು ರೋಗಿಯನ್ನು ಸಾಗರಕ್ಕೆ ತರಲು ಲಾಂಚಿನ ವೇಳೆಯನ್ನು ಕಾಯಬೇಕಾಗಿತ್ತು. ನಾಡಿಗೆಲ್ಲ ಬೆಳಕು ಕೊಡಲು ತಮ್ಮ ಊರುಗಳನ್ನು ಮುಳುಗಿಸಿಕೊಂಡವರಿಗೆ ಸೇತುವೆ ದೊರೆತದ್ದು 2025ರ ಜುಲೈ 14ರಂದು. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಆ ಸೇತುವೆಯಿಂದ ದಾರಿ ಹತ್ತಿರವಾಯಿತು. ಆದರೆ ದಾರಿಯುದ್ದಕ್ಕೂ ರೋಗಿಯ ಪಕ್ಕದಲ್ಲಿ ಕುಳಿತಿರುವವನಿಗೆ ಏನು ಮಾಡಬೇಕೆಂಬುದು ತಿಳಿದಿದೆಯೇ ಎಂಬ ಪ್ರಶ್ನೆ ಉಳಿದೇ ಇದೆ. ಗದ್ದೆಯಲ್ಲಿ ನಾಗರವೋ ಮನೆಯಲ್ಲಿ ಕಟ್ಟುಹಾವೋ ಕಚ್ಚಿದವನ ಉಸಿರಾಟದ ಸ್ನಾಯುಗಳು ಸೋತಾಗ, ಉಸಿರಿನ ಚೀಲವನ್ನು ಕೈಯಿಂದ ಹಿಚುಕಬಲ್ಲ ಒಬ್ಬನು ಜೊತೆಯಲ್ಲಿದ್ದರೆ ಆ 70 ಕಿಲೋಮೀಟರು ದಾಟಬಹುದು. ಇಲ್ಲದಿದ್ದರೆ ಹತ್ತು ಕಿಲೋಮೀಟರು ಕೂಡ ದಾಟಲಾಗದು.

ತೀವ್ರ ನಿಗಾ ವೈದ್ಯವು ಹುಟ್ಟಿದ ಬಗೆಯನ್ನು ಇಲ್ಲಿ ಸ್ಮರಿಸುವುದು ಉಚಿತ. 1952ರ ಬೇಸಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ರೋಗವು ಭೀಕರವಾಗಿ ಹಬ್ಬಿತು. ಉಸಿರು ಕಟ್ಟಿದ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು. ನಗರದ ಬ್ಲೆಗ್‌ಡಮ್ ಆಸ್ಪತ್ರೆಯಲ್ಲಿದ್ದ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟೇ. ಆಗ ಅರಿವಳಿಕೆಯ ವೈದ್ಯರಾದ ಬ್ಯೋರ್ನ್ ಇಬ್ಸನ್ ಎಂಬವರು, ಗಂಟಲಲ್ಲಿ ರಂಧ್ರ ಮಾಡಿ ನಳಿಗೆಯನ್ನಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಚುಕಿ ಉಸಿರು ತುಂಬುವ ಮಾರ್ಗವನ್ನು ತೋರಿಸಿಕೊಟ್ಟರು. ಯಂತ್ರಗಳಿರಲಿಲ್ಲ, ಕೈಗಳು ಬೇಕಾಗಿದ್ದವು. ಆ ಕೈಗಳು ವೈದ್ಯವಿದ್ಯಾರ್ಥಿಗಳವು. ಸುಮಾರು 1,500 ಮಂದಿ ವಿದ್ಯಾರ್ಥಿಗಳು ಸ್ವಲ್ಪ ಕಾಲದ ಪಾಠವನ್ನು ಕಲಿತು, ಸರದಿಯಂತೆ ಹಾಸಿಗೆಯ ಪಕ್ಕದಲ್ಲಿ ಕುಳಿತು, ವಾರಗಟ್ಟಲೆ ಹಗಲು ರಾತ್ರಿ ಚೀಲವನ್ನು ಹಿಚುಕಿದರು. ನೂರಕ್ಕೆ 87ರಷ್ಟಿದ್ದ ಸಾವು ಸುಮಾರು 40ಕ್ಕೆ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳೆಲ್ಲ ಆ ಘಟನೆಯ ಸಂತಾನವೇ ಸರಿ. ಈ ವಿದ್ಯೆಯು ಜನಿಸಿದ ಗಳಿಗೆಯಲ್ಲಿಯೇ ಚಿಕಿತ್ಸೆಯೂ ಅಧ್ಯಾಪನವೂ ಒಂದಾಗಿದ್ದವು. ಇಬ್ಸನ್ನರು ಒಬ್ಬರೇ ಚೀಲ ಹಿಚುಕಲು ಕುಳಿತಿದ್ದರೆ ಒಬ್ಬ ರೋಗಿಯು ಬದುಕುತ್ತಿದ್ದನು; ಕಲಿಸಿದ್ದರಿಂದ ಅನೇಕರು ಬದುಕಿದರು.

ಈಗ ನಮ್ಮ ವೈದ್ಯಕಾಲೇಜುಗಳಲ್ಲಿ ಈ ಎರಡು ಕೆಲಸಗಳನ್ನೂ ನಡೆಸುವವರ ದಿನಚರಿಯನ್ನು ನೋಡೋಣ. ಬೆಳಗ್ಗೆ ಒಂದೊಂದು ಹಾಸಿಗೆಯ ಬಳಿ ನಿಂತು ರಾತ್ರಿ ನಡೆದುದನ್ನು ಕೇಳುವುದು. ವೆಂಟಿಲೇಟರಿನ ಅಂಕೆಗಳನ್ನೂ ರಕ್ತಪರೀಕ್ಷೆಯನ್ನೂ ನೋಡಿ ಅಂದಿನ ಚಿಕಿತ್ಸೆಯನ್ನು ನಿರ್ಣಯಿಸುವುದು. ಆ ನಿರ್ಣಯದ ಕಾರಣವನ್ನು ಸುತ್ತ ನಿಂತ ಶಿಷ್ಯರಿಗೆ ಬಿಡಿಸಿ ಹೇಳುವುದು. ಕಾರಣವನ್ನು ಹೇಳಬೇಕಾದವನು ಕಾರಣವಿಲ್ಲದೆ ಔಷಧವನ್ನು ಬರೆಯಲಾರನು. ಈ ಸಲೈನು ಏಕೆ, ಈ ಔಷಧವನ್ನು ಇನ್ನೂ ಏಕೆ ನಿಲ್ಲಿಸಿಲ್ಲ ಎಂದು ಶಿಷ್ಯನೊಬ್ಬನು ಕೇಳಿದ ಪ್ರಶ್ನೆಯಿಂದಲೇ ರೋಗಿಗೆ ಉಪಕಾರವಾಗುವುದುಂಟು. ಇದಲ್ಲದೆ, ಪುಸ್ತಕದಿಂದ ಎಂದಿಗೂ ಬರದ ಪಾಠವೊಂದು ಘಟಕದ ಬಾಗಿಲ ಹೊರಗೆ ನಡೆಯುತ್ತದೆ. ಬೆಂಚಿನ ಮೇಲೆ ರಾತ್ರಿಯೆಲ್ಲ ಕುಳಿತಿರುವ ತಂದೆಗೆ, ಮಗನ ಸ್ಥಿತಿಯನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ, ಸುಳ್ಳು ಭರವಸೆಯನ್ನೂ ಕೊಡದೆ ಎದೆಯನ್ನೂ ಒಡೆಯದೆ ಹೇಳುವುದು ಹೇಗೆಂಬುದನ್ನು ಶಿಷ್ಯನು ಗುರುವಿನ ಪಕ್ಕದಲ್ಲಿ ನಿಂತೇ ಕಲಿಯಬೇಕು. ಇಂಗ್ಲಿಷಿನಲ್ಲಿ ಓದಿದ ವಿದ್ಯೆಯನ್ನು ಹಳ್ಳಿಯ ಮಾತಿಗೆ ಇಳಿಸುವುದು ವೈದ್ಯಕ್ಕೆ ಅಲಂಕಾರವಲ್ಲ, ಅಂಗ.

ಎದುರುವಾದದಲ್ಲಿ ತಥ್ಯವಿಲ್ಲವೆಂದು ನಾವು ಹೇಳುವುದಿಲ್ಲ. ರಾತ್ರಿಯೆಲ್ಲ ಎಚ್ಚರವಾಗಿದ್ದ ವೈದ್ಯನು ಬೆಳಗ್ಗೆ ತರಗತಿಯಲ್ಲಿ ನಿಂತು ಮಾತನಾಡಬೇಕೆಂದರೆ ಅದು ಶಿಷ್ಯರಿಗೂ ಅನ್ಯಾಯ, ರೋಗಿಗೂ ಅನ್ಯಾಯ. ರೋಗಿಯು ಪಾಠದ ಸಾಮಗ್ರಿಯಾಗಿಬಿಡುವ ಭಯವೂ ಇದೆ: ಎಚ್ಚರವಿಲ್ಲದೆ ಮಲಗಿದವನ ಮೇಲೆ ಹತ್ತು ಮಂದಿ ಹತ್ತು ಸಲ ಕೈ ಪಳಗಿಸಿಕೊಳ್ಳುವುದು ಸಲ್ಲದು. ಗಂಟಲಿಗೆ ನಳಿಗೆಯಿಡುವುದೇ ಮೊದಲಾದ ಕೆಲಸಗಳನ್ನು ಮೊದಲು ಬೊಂಬೆಗಳ ಮೇಲೆ ಅಭ್ಯಾಸ ಮಾಡಿಸಿ, ಆ ಮೇಲೆ ಗುರುವಿನ ಕಣ್ಣೆದುರಿನಲ್ಲಿ ರೋಗಿಯ ಮೇಲೆ ಮಾಡಿಸತಕ್ಕದ್ದು. ಆದರೆ ಈ ದೋಷಗಳು ಎರಡು ಕೆಲಸಗಳು ಕೂಡಿದುದರಿಂದ ಬಂದವಲ್ಲ; ಒಬ್ಬನಿಗೆ ಎರಡಾಳಿನ ಕೆಲಸವನ್ನು ಕೊಟ್ಟು ಒಂದಾಳಿನ ಹೊತ್ತನ್ನು ಕೊಟ್ಟುದರಿಂದ ಬಂದವು. ರೋಗಿಗಳನ್ನು ನೋಡಿದ ಲೆಕ್ಕ ಆಸ್ಪತ್ರೆಯ ಪುಸ್ತಕದಲ್ಲಿ ಬರುತ್ತದೆ. ತರಗತಿಯ ಲೆಕ್ಕ ಕಾಲೇಜಿನ ಪುಸ್ತಕದಲ್ಲಿ ಬರುತ್ತದೆ. ರಾತ್ರಿ ಎರಡು ಗಂಟೆಗೆ ಹಾಸಿಗೆಯ ಬಳಿ ನರ್ಸೊಬ್ಬಳಿಗೆ ಕಲಿಸಿದ ಪಾಠವು ಯಾವ ಪುಸ್ತಕದಲ್ಲಿಯೂ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಕೆಲಸವನ್ನು ಬಹುಕಾಲ ಯಾರೂ ಮಾಡುವುದಿಲ್ಲ.

ಯಂತ್ರಗಳನ್ನು ಕೊಂಡುಕೊಟ್ಟರೆ ಸಾಕೆಂಬ ಭ್ರಾಂತಿಯು ಕೊರೋನಾ ಕಾಲದಲ್ಲಿಯೇ ಬಯಲಾಗಿದೆ. 2020 ಮತ್ತು 2021ರಲ್ಲಿ ವೆಂಟಿಲೇಟರುಗಳು ದೇಶದ ಸಣ್ಣ ಆಸ್ಪತ್ರೆಗಳಿಗೂ ಬಂದವು. ಅವನ್ನು ನಡೆಸಬಲ್ಲವರು ಸಾಕಷ್ಟಿಲ್ಲವೆಂಬ ಮಾತು ಎಲ್ಲೆಡೆಯೂ ಕೇಳಿಬಂದಿತು. ಅದೇ ಕಾಲದಲ್ಲಿ ನಮ್ಮ ಸರ್ಕಾರವು ಬೆಂಗಳೂರಿನ ತಜ್ಞರನ್ನು ತೆರೆಯ ಮೂಲಕ ಜಿಲ್ಲಾ ಆಸ್ಪತ್ರೆಗಳ ರೋಗಿಗಳ ಬಳಿಗೆ ತಂದು ದಿನವೂ ಸಮಾಲೋಚನೆ ನಡೆಸಿದ್ದು ಶ್ಲಾಘನೀಯ. ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವೂ 2021ರಲ್ಲಿ ಸೇರಿದವರಿಂದ ಮೊದಲಾಗಿ ಜಾರಿಗೆ ಬಂದಿದೆ. ಬೀಜಗಳು ಇವೆ, ಮಲೆನಾಡಿನ ಮಣ್ಣಿಗೆ ತಕ್ಕಂತೆ ಬಿತ್ತಬೇಕಾಗಿದೆ.

ಆದ್ದರಿಂದ ಅಧಿಕಾರಿವರ್ಗದ ಮುಂದೆ ನಾವು ನಾಲ್ಕು ಸಲಹೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ತೀವ್ರ ನಿಗಾ ವೈದ್ಯರ ಕೆಲಸದ ವೇಳೆಯಲ್ಲಿಯೇ ಅಧ್ಯಾಪನಕ್ಕೆ ಹೊತ್ತನ್ನು ಗೊತ್ತುಮಾಡಿ, ಹಾಸಿಗೆಯ ಬಳಿಯ ಪಾಠವನ್ನೂ ಬಡ್ತಿಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡನೆಯದಾಗಿ, ಪ್ರತಿವರ್ಷವೂ ಮಂಗನ ಕಾಯಿಲೆಯ ಕಾಲ ಆರಂಭವಾಗುವ ಮುನ್ನ, ನವೆಂಬರಿನೊಳಗೆ, ಆ ವೈದ್ಯರು ಸಾಗರ, ಹೊಸನಗರ, ತೀರ್ಥಹಳ್ಳಿಯ ಆಸ್ಪತ್ರೆಗಳಿಗೆ ಹೋಗಿ ಅಲ್ಲಿಯ ವೈದ್ಯರಿಗೂ ನರ್ಸುಗಳಿಗೂ ಆಂಬುಲೆನ್ಸಿನ ಸಿಬ್ಬಂದಿಗೂ ಅಭ್ಯಾಸ ಮಾಡಿಸಬೇಕು. ವಾರಕ್ಕೊಮ್ಮೆ ತೆರೆಯ ಮೂಲಕ ಸಮಾಲೋಚನೆಯೂ ಮುಂದುವರಿಯಬೇಕು. ಮೂರನೆಯದಾಗಿ, ಸ್ನಾತಕೋತ್ತರ ವಿದ್ಯಾರ್ಥಿಗಳ ಮೂರು ತಿಂಗಳ ಸೇವೆಯಲ್ಲಿ ಒಂದು ಭಾಗವನ್ನು, ಜನವರಿಯಿಂದ ಮಾರ್ಚಿಯವರೆಗೆ, ಈ ತಾಲ್ಲೂಕುಗಳಲ್ಲಿ ಕಳೆಯುವಂತೆ ಏರ್ಪಡಿಸಬೇಕು. ಕ್ಯಾಸನೂರಿನ ಹೆಸರನ್ನು ಪುಸ್ತಕದಲ್ಲಿ ಓದಿದವನು ಅದರ ರೋಗಿಯನ್ನೂ, ಆ ರೋಗಿ ದರಗು ತರಲು ಹೋದ ಕಾಡನ್ನೂ ಕಣ್ಣಾರೆ ಕಾಣಲಿ. ನಾಲ್ಕನೆಯದಾಗಿ, ಚಿಕಿತ್ಸೆಯ ಕ್ರಮವನ್ನು ಒಂದೇ ಹಾಳೆಯಲ್ಲಿ ಸರಳವಾದ ಕನ್ನಡದಲ್ಲಿ ಅಚ್ಚುಮಾಡಿಸಿ, ಏನನ್ನು ಮಾಡಬೇಕು, ಯಾವ ಇಂಜೆಕ್ಷನ್ನು ಕೊಡಬಾರದು, ಯಾವ ಚಿಹ್ನೆ ಕಂಡೊಡನೆ ಕಳುಹಿಸಬೇಕು ಎಂಬುದನ್ನು ಪ್ರತಿ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಬೇಕು.

ಇವುಗಳಿಗೆ ತಗಲುವ ವೆಚ್ಚವು ಒಂದು ಹೊಸ ಆಸ್ಪತ್ರೆಯ ಕಟ್ಟಡದ ವೆಚ್ಚದ ಮುಂದೆ ಏನೇನೂ ಅಲ್ಲ. ಆದರೆ ಕಟ್ಟಡಕ್ಕೆ ಶಂಕುಸ್ಥಾಪನೆಯುಂಟು, ಪ್ರಾರಂಭೋತ್ಸವವುಂಟು; ಕಲಿಸಿದ ವಿದ್ಯೆಗೆ ಅದಾವುದೂ ಇಲ್ಲ. ಹಾಗಿದ್ದರೂ ಮುಂದಿನ ಬೇಸಗೆಯಲ್ಲಿ ಅರಳಗೋಡಿನ ಕಡೆಯಿಂದಲೋ ಆಗುಂಬೆಯ ಕಡೆಯಿಂದಲೋ ಜ್ವರದಿಂದ ಬಳಲಿದ ಕೂಲಿಯವಳೊಬ್ಬಳು ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬಂದಾಗ, ಆ ರಾತ್ರಿ ಕರ್ತವ್ಯದಲ್ಲಿರುವ ತರುಣ ವೈದ್ಯನಿಗೆ ಯಾರು ಏನನ್ನು ಕಲಿಸಿದ್ದಾರೆಂಬುದರ ಮೇಲೆಯೇ ಅವಳ ಬದುಕು ನಿಂತಿರುತ್ತದೆ. ಡಿಸೆಂಬರಿಗೆ ಮುಂಚೆ ಈ ಕೆಲಸ ಆರಂಭವಾಗಲೆಂದು ನಾವು ಸರ್ಕಾರವನ್ನೂ ವೈದ್ಯಕಾಲೇಜುಗಳ ಆಡಳಿತದವರನ್ನೂ ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.