ಮಿಸಿಸಾಗಾದ ಬೇಸ್‌ಮೆಂಟಿನಲ್ಲಿ ಮೂರು ಮದ್ದಳೆ

ಜನವರಿಯಲ್ಲಿ ಟೊರೊಂಟೊದ ಹೊರಗೆ ಮೈನಸ್ 15 ಡಿಗ್ರಿ ಇದ್ದಾಗ ಮನೆಯೊಳಗೆ ಹೀಟರ್ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಬೆಚ್ಚಗಿರುತ್ತದೆ ನಿಜ, ಗಾಳಿಯಲ್ಲಿ ಮಾತ್ರ ತೇವವೇ ಇರುವುದಿಲ್ಲ. ತುಟಿ ಒಡೆಯುತ್ತದೆ, ಮರದ ಮೇಜು ಬಿರುಕು ಬಿಡುತ್ತದೆ. ಊರಿಂದ ಬಟ್ಟೆ ಸುತ್ತಿ ಜೋಪಾನವಾಗಿ ತಂದ ಮದ್ದಳೆಯ ಕಥೆಯೂ ಅಷ್ಟೇ. ಮುಚ್ಚಿಗೆ ಬಿಗಿದುಕೊಂಡು ಶ್ರುತಿ ಏರುತ್ತದೆ, ಕರಣೆ ಉದುರುತ್ತದೆ, ಒಂದು ದಿನ ಚರ್ಮ ಸೀಳಿಯೇ ಹೋಗುತ್ತದೆ. ಉಡುಪಿ, ಕುಂದಾಪುರದ ಕಡೆಯಾದರೆ ಹೊಸ ಮುಚ್ಚಿಗೆ ಹಾಕಿಸಿಕೊಂಡು ಬರಬಹುದು. ಇಲ್ಲಿ ಅದು ಮುಂದಿನ ರಜೆಯವರೆಗೆ ಮೂಲೆ ಸೇರುತ್ತದೆ.

ಮಿಸಿಸಾಗಾ, ಬ್ರಾಂಪ್ಟನ್, ಮಿಲ್ಟನ್‌ಗಳಲ್ಲಿ ಹರಡಿಕೊಂಡಿರುವ ಕರಾವಳಿಯ ಕೆಲವು ಕುಟುಂಬಗಳ ಮಕ್ಕಳು ಶನಿವಾರ ಸಂಜೆ ನಮ್ಮ ಬೇಸ್‌ಮೆಂಟಿನಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುತ್ತಾರೆ. ಕಲಿಸುವವರಿದ್ದಾರೆ, ಹಾಡುವವರು ಇಬ್ಬರಿದ್ದಾರೆ. ಮದ್ದಳೆಗೆ ಇರುವುದು ಒಬ್ಬರೇ, ಅವರಿಗೆ ವಾರ ಬಿಟ್ಟು ವಾರ ರಾತ್ರಿ ಪಾಳಿ. ಅವರಿಲ್ಲದ ದಿನ ಫೋನಿನಲ್ಲಿ ಹಳೆಯ ಆಟದ ಧ್ವನಿಮುದ್ರಣ ಹಾಕಿದರೆ ಅದು ಯಾರಿಗೂ ಕಾಯುವುದಿಲ್ಲ. ಎಂಟು ವರ್ಷದ ಹುಡುಗ ಹೆಜ್ಜೆ ತಪ್ಪಿ ನಿಂತರೂ ಮದ್ದಳೆ ಮುಂದೆ ಹೋಗಿರುತ್ತದೆ. ಮೇಲಾಗಿ ನಮ್ಮಲ್ಲಿ ಒಬ್ಬರು ಹಾಡುವುದು ಕಪ್ಪು ಎರಡರಲ್ಲಿ, ಇನ್ನೊಬ್ಬರು ಬಿಳಿ ಆರರಲ್ಲಿ. ಮದ್ದಳೆಯೋ ಶ್ರುತಿಗೆ ಕೂರಲೇಬೇಕಾದ ವಾದ್ಯ.

ಈ ತೊಂದರೆಗೆ ನಾವು ಹುಡುಕಿಕೊಂಡ ದಾರಿ ಸ್ಯಾಂಪ್ಲರ್. ನಿಜವಾದ ವಾದ್ಯದ ಒಂದೊಂದು ಪೆಟ್ಟನ್ನೂ ಬೇರೆ ಬೇರೆಯಾಗಿ ಮುದ್ರಿಸಿ ಯಂತ್ರದಲ್ಲಿ ಇಟ್ಟುಕೊಂಡು, ಕೀಬೋರ್ಡಿನ ಮನೆ ಒತ್ತಿದಾಗ ಆ ಪೆಟ್ಟು ಕೇಳುವಂತೆ ಮಾಡುವ ಪೆಟ್ಟಿಗೆ ಇದು. ಬಿ.ಕಾಂ. ಓದುವಾಗ ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಸಿ.ಎ. ಪರೀಕ್ಷೆಗಳು ಶುರುವಾದ ಮೇಲೆ ಅದು ನಿಂತಿತು, ಆಸೆ ನಿಲ್ಲಲಿಲ್ಲ. ನನ್ನ ಬಳಿ ಇರುವುದು 1995ರಲ್ಲಿ ಬಂದ ಅಕಾಯ್ ಎಸ್2000, ಹಳೆಯ ವಿ.ಸಿ.ಆರ್.ನಂತೆ ಕಾಣುವ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ. "ಲ್ಯಾಪ್‌ಟಾಪಿನಲ್ಲೇ ಆಗುತ್ತಲ್ಲಪ್ಪ" ಎನ್ನುತ್ತಾಳೆ ಮಗಳು. ಆಗುತ್ತದೆ, ಇದಕ್ಕಿಂತ ಚೆನ್ನಾಗಿಯೇ ಆಗುತ್ತದೆ. ಆದರೆ ದಿನವಿಡೀ ಎಕ್ಸೆಲ್ ಹಾಳೆ ನೋಡುವವನಿಗೆ ಶನಿವಾರವೂ ಅದೇ ಪರದೆ ಬೇಡ.

ಈ ವಿದ್ಯೆಯ ಒಂದು ಬೇರು ನಾವಿರುವ ಒಂಟಾರಿಯೊದಲ್ಲೇ ಇದೆ ಎಂಬುದು ಇಲ್ಲಿನ ಕನ್ನಡಿಗರಿಗೂ ಅಷ್ಟಾಗಿ ಗೊತ್ತಿಲ್ಲ. ಒಟ್ಟಾವದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿಜ್ಞಾನಿ ಹ್ಯೂ ಲಿ ಕೇನ್ 1955ರಲ್ಲಿ ನೀರಿನ ಒಂದೇ ಒಂದು ಹನಿ ಬೀಳುವ ಸದ್ದನ್ನು ಟೇಪಿನಲ್ಲಿ ಹಿಡಿದರು. ಟೇಪಿನ ವೇಗವನ್ನು ಹೆಚ್ಚು ಕಡಿಮೆ ಮಾಡಿ, ಅದೊಂದೇ ಹನಿಯಿಂದ 'ಡ್ರಿಪ್ಸೊಡಿ' ಎಂಬ ಪುಟ್ಟ ಸಂಗೀತ ಕೃತಿ ಕಟ್ಟಿದರು. 1959ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಶುರುವಾದ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊಕ್ಕೂ ಅವರು ಮಾಡಿದ ಯಂತ್ರಗಳು ಹೋದವು.

ನೀರಿನ ಹನಿಗೆ ಒಪ್ಪುವ ಈ ಉಪಾಯ ಮದ್ದಳೆಗೆ ಒಪ್ಪುವುದಿಲ್ಲ. ಸದ್ದನ್ನು ವೇಗ ಮಾಡಿದರೆ ಶ್ರುತಿ ಏರುತ್ತದೆ, ಜತೆಗೆ ನಾದದ ಉದ್ದವೂ ಕುಗ್ಗುತ್ತದೆ. ಅರ್ಧ ಸ್ವರಕ್ಕೆ ಸುಮಾರು ಶೇ 6ರಷ್ಟು ವೇಗ ಹೆಚ್ಚು. ಒಂದು ಮನೆ ಸರಿಸಿದರೆ ಕಿವಿಗೆ ಗೊತ್ತಾಗುವುದಿಲ್ಲ. ಐದು ಮನೆ ಏರಿಸಿದರೆ 'ಧೀಂ' ಎನ್ನುವ ನಾದದ ಕಾಲು ಭಾಗ ಕರಗಿಹೋಗಿ ಆಟಿಕೆಯ ಡಬ್ಬಿ ಬಡಿದಂತಿರುತ್ತದೆ. ಊರಿನ ಮದ್ದಳೆಗಾರರು ಬೇರೆ ಬೇರೆ ಶ್ರುತಿಯ ಭಾಗವತರಿಗೆಂದು ಬೇರೆ ಬೇರೆ ಮದ್ದಳೆ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ. ಅದನ್ನೇ ನಾವೂ ಅನುಸರಿಸಿದೆವು. ಕಪ್ಪು ಎರಡು, ಕಪ್ಪು ಮೂರು, ಬಿಳಿ ಆರು, ಹೀಗೆ ಮೂರು ಮದ್ದಳೆ. ಪ್ರತಿಯೊಂದನ್ನೂ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಮಾತ್ರ ಎಳೆದರೆ ಬಿಳಿ ಎರಡರಿಂದ ಕಪ್ಪು ಐದರವರೆಗೆ ಒಂಬತ್ತು ಶ್ರುತಿ ಸಿಗುತ್ತದೆ.

ಇನ್ನು ಪದರಗಳ ವಿಚಾರ. ಮೆಲ್ಲಗೆ ಹೊಡೆದ ಪೆಟ್ಟು ಎಂದರೆ ಜೋರು ಪೆಟ್ಟಿನ ಸದ್ದು ತಗ್ಗಿಸಿದ್ದು ಎಂದು ಅನೇಕರು ತಿಳಿದಿದ್ದಾರೆ. ಮದ್ದಳೆಯ ಹತ್ತಿರ ಕೂತು ಕೇಳಿ. ಬೆರಳ ತುದಿ ತಾಗಿದಾಗ ಕರಣೆಯ ನಾದ ಮಾತ್ರ ಏಳುತ್ತದೆ. ಜೋರಾಗಿ ಬಿದ್ದಾಗ ಚರ್ಮದ ಛಟ್ ಎನ್ನುವ ಸದ್ದು ಮುಂದೆ ಬಂದು, ಮರದ ಗುಂಬ ಆಮೇಲೆ ಮಾತಾಡುತ್ತದೆ. ಆದ್ದರಿಂದ ಒಂದೇ ಪೆಟ್ಟನ್ನು ನಾಲ್ಕು ಬಲದಲ್ಲಿ ಮುದ್ರಿಸಬೇಕು. ಕೀಬೋರ್ಡ್ ನಮ್ಮ ಬೆರಳಿನ ಬಲವನ್ನು 1ರಿಂದ 127ರವರೆಗಿನ ಅಂಕೆಯಾಗಿ ಕಳಿಸುತ್ತದೆ. ಎಷ್ಟರಿಂದ ಎಷ್ಟಕ್ಕೆ ಯಾವ ಪದರ ಎಂದು ಯಂತ್ರಕ್ಕೆ ಹೇಳಿಕೊಡುವುದು ನಮ್ಮ ಕೆಲಸ. ಸಮ ಭಾಗ ಮಾಡಿದರೆ ಚೆನ್ನಾಗಿ ಬರುವುದಿಲ್ಲ. ತೀರಾ ಜೋರಿನ ಪದರ ಅಪರೂಪಕ್ಕೆ ಬರಬೇಕು, ಅದಕ್ಕೆ 115ರ ಮೇಲಿನ ಅಂಕೆ ಮಾತ್ರ ಕೊಟ್ಟಿದ್ದೇವೆ.

ಅಷ್ಟು ಮಾಡಿದರೂ ಒಂದೇ ಮುದ್ರಣ ಬಿಡದೆ ನಾಲ್ಕು ಸಲ ಬಂದರೆ ಹೊಲಿಗೆ ಯಂತ್ರದ ಸದ್ದಾಗುತ್ತದೆ. ಮನುಷ್ಯನ ಕೈ ಒಂದೇ ಪೆಟ್ಟನ್ನು ಎರಡು ಸಲ ಒಂದೇ ರೀತಿ ಹೊಡೆಯುವುದಿಲ್ಲ. ಹಾಗಾಗಿ ಪ್ರತಿ ಪೆಟ್ಟಿಗೂ ಮೂರು ಮುದ್ರಣ ಬೇಕು. ನನ್ನ ಹಳೆಯ ಪೆಟ್ಟಿಗೆಗೆ ಅವನ್ನು ತಾನಾಗಿ ಸರದಿಯಲ್ಲಿ ಬದಲಿಸಲು ಬರುವುದಿಲ್ಲ. ಮೂರನ್ನೂ ಅಕ್ಕಪಕ್ಕದ ಮನೆಗಳಲ್ಲಿಟ್ಟು ನಾವೇ ಬೆರಳು ಬದಲಿಸಿ ನುಡಿಸುತ್ತೇವೆ.

ಇಲ್ಲಿಂದ ಮುಂದೆ ಲೆಕ್ಕಿಗನ ಕೆಲಸ. ಎಂಟು ಪೆಟ್ಟು, ನಾಲ್ಕು ಬಲ, ಮೂರು ಮುದ್ರಣ, ಅಂದರೆ ಒಂದು ಮದ್ದಳೆಗೆ 96. ಮೂರು ಮದ್ದಳೆಗೆ 288. ಸಿ.ಡಿ. ಗುಣಮಟ್ಟದ ಒಂದು ಸೆಕೆಂಡಿನ ಮೋನೊ ಸದ್ದಿಗೆ 88,200 ಬೈಟ್ ಜಾಗ ಬೇಕು. ಎಲ್ಲಕ್ಕೂ ಎರಡು ಸೆಕೆಂಡ್ ಕೊಟ್ಟರೆ 50 ಎಂಬಿ ದಾಟುತ್ತದೆ, ಪೆಟ್ಟಿಗೆಯ ಜಾಗವೋ ಹೆಚ್ಚೆಂದರೆ 32 ಎಂಬಿ. ಆದರೆ ನಿಜವಾಗಿ ನಾದ ಉಳಿಯುವುದು ಬಿಟ್ಟು ಹೊಡೆಯುವ ಎರಡು ಪೆಟ್ಟುಗಳಲ್ಲಿ. ಉಳಿದ ಆರಕ್ಕೆ ಅರ್ಧ ಸೆಕೆಂಡ್ ಧಾರಾಳವಾಯಿತು. ಹೀಗೆ ಒಟ್ಟು 252 ಸೆಕೆಂಡ್, ಸುಮಾರು 22 ಎಂಬಿ. ಬಜೆಟ್ಟಿನೊಳಗೆ ಬಂತು.

ಮುದ್ರಿಸಲು ಊರಿಗೇ ಹೋಗಬೇಕು. ಮಕ್ಕಳಿಗೆ ಇಲ್ಲಿ ಜುಲೈ, ಆಗಸ್ಟ್ ರಜೆ. ಆಗ ಮೇಳಗಳ ತಿರುಗಾಟ ಮುಗಿದು ಕಲಾವಿದರು ಮನೆಯಲ್ಲಿ ಸಿಗುತ್ತಾರೆ, ಆದರೆ ಹೆಂಚಿನ ಮೇಲೆ ಮಳೆ ಸುರಿಯುತ್ತದೆ, ಚರ್ಮ ತೇವ ಹಿಡಿದು ಶ್ರುತಿ ಇಳಿಯುತ್ತದೆ. ಡಿಸೆಂಬರಿನಲ್ಲಿ ಹವೆ ಚೆನ್ನ, ಆದರೆ ಅವರಿಗೆ ರಾತ್ರಿ ರಾತ್ರಿ ಆಟ. ನಾವು ಕಳೆದ ಜುಲೈಯಲ್ಲಿ ಉಡುಪಿ ಜಿಲ್ಲೆಯ ಒಬ್ಬ ಹಿರಿಯ ಮದ್ದಳೆಗಾರರ ಮನೆಗೆ ಹೋದೆವು. ಮಳೆ ಬಿಟ್ಟ ಹೊತ್ತು ನೋಡಿ, ಫ್ಯಾನ್ ಆರಿಸಿ, ಗೋಡೆಗೆ ಕಂಬಳಿ ತೂಗುಹಾಕಿ ಮೂರು ದಿನ ಕೆಲಸ ಮಾಡಿದೆವು. ಗಳಿಗೆಗೊಮ್ಮೆ ಶ್ರುತಿ ಸರಿ ಮಾಡಿಕೊಳ್ಳಬೇಕಿತ್ತು.

ಮೊದಲ ದಿನ ಅವರು ಕೇಳಿದ್ದು ಇದು: "ಅಲ್ಲ ಮಾರಾಯ್ರೆ, ನನ್ನ ಕೈಯನ್ನೇ ಪೆಟ್ಟಿಗೆಗೆ ತುಂಬಿಸಿ ಕೊಂಡುಹೋದ್ರೆ ನಾಳೆ ನಿಮ್ಮ ಕೆನಡಾಕ್ಕೆ ನಮ್ಮವರನ್ನು ಯಾರು ಕರೀತಾರೆ?"

ನ್ಯಾಯವಾದ ಪ್ರಶ್ನೆ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಕಲಾವಿದರ ಪ್ರದರ್ಶನಕ್ಕೂ ಹಕ್ಕು ಕೊಟ್ಟಿದೆ. ಕಾಯ್ದೆ ಏನೇ ಹೇಳಲಿ, ಒಂದು ಕೈಯ ಐವತ್ತು ವರ್ಷದ ಅಭ್ಯಾಸವನ್ನು ಕಾಫಿ ಕುಡಿದು, ಕೈಮುಗಿದು ತರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲೇ ಒಂದು ಪುಟದ ಒಪ್ಪಂದ ಬರೆದೆವು. ಮೂರು ದಿನಕ್ಕೆ ಮೂರು ಆಟದ ಸಂಭಾವನೆ. ಈ ಸದ್ದು ಅಭ್ಯಾಸಕ್ಕೆ ಮಾತ್ರ, ವೇದಿಕೆಗೆ ಇಲ್ಲ. ಯಾರಿಗೂ ಹಂಚುವಂತಿಲ್ಲ, ಮಾರುವಂತಿಲ್ಲ. ಪ್ರದರ್ಶನ ಇದ್ದಾಗ ಮದ್ದಳೆಗೆ ಮನುಷ್ಯರೇ ಕೂರಬೇಕು. ಈ ಕೊನೆಯ ಸಾಲನ್ನು ಅವರು ಎರಡು ಸಲ ಓದಿಸಿ ಕೇಳಿ ಸಹಿ ಮಾಡಿದರು.

ಅಭ್ಯಾಸ ಈಗ ವಾರವೂ ತಪ್ಪುವುದಿಲ್ಲ. ಹುಡುಗ ಹೆಜ್ಜೆ ತಪ್ಪಿದರೆ ಕೀಬೋರ್ಡಿನಲ್ಲಿ ಕೂತವರು ನಿಲ್ಲಿಸಿ ಮತ್ತೆ ಎತ್ತಿಕೊಳ್ಳುತ್ತಾರೆ. ನಮ್ಮ ಮದ್ದಳೆಯವರು ಪಾಳಿ ಇಲ್ಲದ ವಾರ ಬಂದು ಕೂತಾಗ ಮಕ್ಕಳ ಕಾಲು ಬೇರೆಯೇ ಆಗುತ್ತದೆ, ಅದು ಯಂತ್ರಕ್ಕೆ ಸಾಧ್ಯವಿಲ್ಲ. ಅವರ ಮದ್ದಳೆಯ ಕೋಣೆಯಲ್ಲಿ ಈಗ ಗಾಳಿಗೆ ತೇವ ಕೊಡುವ ಯಂತ್ರ ಇಟ್ಟಿದ್ದಾರೆ, ಈ ಚಳಿಗಾಲ ಮುಚ್ಚಿಗೆ ಉಳಿದಿದೆ.

ಮಾಡಿದ ಕೆಲಸವನ್ನು ಊರಿನ ಹಿರಿಯರಿಗೆ ವಾಟ್ಸ್ಆ್ಯಪಿನಲ್ಲಿ ಕೇಳಿಸಿದೆವು. ಬಿಳಿ ಆರರ 'ಧೀಂ' ತಮಗೆ ಒಪ್ಪಿಗೆಯಿಲ್ಲ, ಆ ದಿನ ಚರ್ಮ ಇಳಿದಿತ್ತು, ಮುಂದಿನ ಸಲ ಬಂದಾಗ ಮತ್ತೆ ಹೊಡೆದು ಕೊಡುತ್ತೇನೆ ಎಂದಿದ್ದಾರೆ. ಪೆಟ್ಟಿಗೆಯಲ್ಲಿ ಇನ್ನೂ ಹತ್ತು ಎಂಬಿಯಷ್ಟು ಜಾಗವಿದೆ. ಅದು ಚಂಡೆಗೆ. ಅವರ ಮನೆಯಿಂದ ಎರಡು ಮೈಲಿ ದೂರದಲ್ಲಿ ಚಂಡೆಯವರೊಬ್ಬರಿದ್ದಾರಂತೆ, ಒಪ್ಪಂದದ ಕಾಗದ ಮೊದಲು ಕಳಿಸಿ ಎಂದು ಹೇಳಿಕಳಿಸಿದ್ದಾರೆ.