ಮಂಜಿಗೆ ಕಮರಿದ ಕೆಂಪೆಲೆ ಗಿಡವನ್ನು ಕಿತ್ತೆಸೆಯಬೇಡಿ



ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ನೀಲಗಿರಿಯ ಬೇಲಿಗಳಲ್ಲಿ, ಚರ್ಚುಗಳ ಅಂಗಳದಲ್ಲಿ, ಮನೆ ಮುಂದಿನ ಕುಂಡಗಳಲ್ಲಿ ಕೆಂಪಗೆ ಬೆಳಗುವ ಒಂದು ಗಿಡವನ್ನು ನೀವೆಲ್ಲ ಬಲ್ಲಿರಿ. ನರ್ಸರಿಯವರು ಅದನ್ನು ಪಾಯಿನ್‌ಸೆಟಿಯಾ ಎನ್ನುತ್ತಾರೆ. ಕ್ರಿಸ್‌ಮಸ್ ಗಿಡವೆಂದು ಕರೆಯುವವರೂ ಇದ್ದಾರೆ. ನಾನು ಕೆಂಪೆಲೆ ಗಿಡ ಎಂದೇ ಹೇಳುತ್ತೇನೆ. ಯಾಕೆಂದರೆ ಆ ಕೆಂಪೆಲ್ಲ ಹೂವಿನ ದಳವಲ್ಲ, ಎಲೆ. ನಿಜವಾದ ಹೂವುಗಳು ಆ ಎಲೆಗಳ ನಡುವೆ ಹಳದಿ ಹಸಿರು ಕಾಳುಗಳ ಹಾಗೆ ಗುಂಪಾಗಿ ಕೂತಿರುತ್ತವೆ.

ಈ ಗಿಡ ಕೆಂಪಾಗುವ ಕಾಲವೂ ನಮ್ಮಲ್ಲಿ ಮಂಜು ಹೆಪ್ಪುಗಟ್ಟುವ ಕಾಲವೂ ಒಂದೇ. ತಮಿಳಿನಲ್ಲಿ ಉರೈಪನಿ ಎನ್ನುವ ಆ ಬಿಳಿ ಮಂಜು ಒಂದು ರಾತ್ರಿ ಬಿದ್ದರೆ ಸಾಕು, ಬೆಳಿಗ್ಗೆ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋತುಬೀಳುತ್ತವೆ. ಎರಡು ದಿನಕ್ಕೆ ಕಪ್ಪಾಗುತ್ತವೆ. ಗಿಡ ಸತ್ತಿತೆಂದು ಮನೆಯವರು ಕಿತ್ತು ತಿಪ್ಪೆಗೆ ಹಾಕುತ್ತಾರೆ. ಮುಂದಿನ ಡಿಸೆಂಬರಿಗೆ ಮತ್ತೆ ದುಡ್ಡು ಕೊಟ್ಟು ಹೊಸ ಗಿಡ ತರುತ್ತಾರೆ. ಹಿರಿಯರು ನೆಟ್ಟು ಬೆಳೆಸಿದ ಬೇಲಿಗಳನ್ನೂ ಹೀಗೆ ಕಿತ್ತದ್ದನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಎಷ್ಟೋ ಗಿಡಗಳಿಗೆ ಇನ್ನೂ ಜೀವವಿತ್ತು.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ನನಗೆ ತಿಳಿದ ಮಾತಿನಲ್ಲೇ ಹೇಳುತ್ತೇನೆ. ಎಲೆ ಎಂಬುದು ಗಿಡದ ಕೈಯಲ್ಲಿರುವ ಚಿಲ್ಲರೆ. ಕಾಂಡ ಮತ್ತು ಬೇರು ಅದರ ಠೇವಣಿ. ಮಂಜು ಚಿಲ್ಲರೆಯನ್ನು ದೋಚಿರುತ್ತದೆ. ಠೇವಣಿ ಎಷ್ಟು ಉಳಿದಿದೆ ಎಂದು ನೋಡದೆ ಖಾತೆ ಮುಚ್ಚಬಾರದು.

ಮೊದಲು ಈ ಗಿಡದ ಸ್ವಭಾವ ತಿಳಿಯೋಣ. ಇದರ ತವರು ಮೆಕ್ಸಿಕೊ ಮತ್ತು ಗ್ವಾಟೆಮಾಲ ದೇಶಗಳ ಬೆಚ್ಚನೆಯ ಇಳಿಜಾರುಗಳು. ಅಲ್ಲಿನ ಅಜ್ಟೆಕ್ ಜನರು ಇದರ ಕೆಂಪೆಲೆಯಿಂದ ಬಣ್ಣ ತೆಗೆಯುತ್ತಿದ್ದರು. 1825ರಲ್ಲಿ ಅಮೆರಿಕದ ರಾಯಭಾರಿಯಾಗಿ ಮೆಕ್ಸಿಕೊಗೆ ಹೋದ ಜೋಯಲ್ ಪಾಯಿನ್‌ಸೆಟ್ ಎಂಬುವರು ಇದನ್ನು ತಮ್ಮ ಊರಿಗೆ ಕಳಿಸಿದರು. ಅವರ ಹೆಸರೇ ಗಿಡಕ್ಕೂ ನಿಂತಿತು. ಕುಲದಲ್ಲಿ ಇದು ನಮ್ಮ ಕಳ್ಳಿಗೆ ಬಂಧು. ಎಲ್ಲಿ ಮುರಿದರೂ ಹಾಲು ಬರುತ್ತದೆ. ಬಿಸಿಲು ನಾಡಿನ ಗಿಡವಾದ್ದರಿಂದ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇದಕ್ಕೆ ಕಷ್ಟ. ಸೊನ್ನೆಗೆ ಇಳಿದರಂತೂ ಎಲೆಯೊಳಗಿನ ನೀರು ಮಂಜುಗಡ್ಡೆಯಾಗಿ ಜೀವಕೋಶಗಳನ್ನೇ ಒಡೆಯುತ್ತದೆ. ಎಲೆ ಬೆಂದ ಹಾಗೆ ಕಾಣುವುದು ಅದಕ್ಕೇ. ಒಡೆದ ಎಲೆ ಮತ್ತೆ ಕೂಡುವುದಿಲ್ಲ. ಆದರೆ ಕಾಂಡ ದಪ್ಪ, ಬುಡ ಮಣ್ಣಿನ ಆಸರೆಯಲ್ಲಿದೆ. ಅಲ್ಲಿಗೆ ಚಳಿ ಅಷ್ಟು ಬೇಗ ಮುಟ್ಟುವುದಿಲ್ಲ.

ಈಗ ಚಿಕಿತ್ಸೆ. ಮಂಜು ಬಿದ್ದ ಬೆಳಿಗ್ಗೆ ಗಿಡ ಕುಂಡದಲ್ಲಿದ್ದರೆ ಬಿಸಿಲು ತಾಗುವ ಮೊದಲೇ ಜಗುಲಿಯ ನೆರಳಿಗೆ ಎತ್ತಿಡಿ. ಹೆಪ್ಪುಗಟ್ಟಿದ್ದು ನಿಧಾನವಾಗಿ ಕರಗಬೇಕು. ಒಲೆಯ ಹತ್ತಿರ ಇಡಬೇಡಿ, ಬಿಸಿನೀರು ಹಾಕಬೇಡಿ, ಗೊಬ್ಬರ ಕೊಡಬೇಡಿ. ಬೇಲಿಯ ಗಿಡವಾದರೆ ಸುಮ್ಮನೆ ಬಿಡಿ. ಕಪ್ಪಾದ ಎಲೆ ನೋಡಲು ಚೆನ್ನಾಗಿಲ್ಲ, ನಿಜ. ಆದರೂ ಅದು ಕೆಳಗಿನ ಕಾಂಡಕ್ಕೆ ಹೊದಿಕೆಯಾಗಿರುತ್ತದೆ.

ಒಂದೆರಡು ವಾರದ ಮೇಲೆ ಉಗುರಿನಿಂದ ಕಾಂಡದ ತೊಗಟೆಯನ್ನು ಸ್ವಲ್ಪವೇ ಕೆರೆದು ನೋಡಿ. ತುದಿಯಿಂದ ಶುರು ಮಾಡಿ ಕೆಳಗೆ ಕೆಳಗೆ ಬನ್ನಿ. ಒಳಗೆ ಕಂದು ಬಣ್ಣವಾಗಿ ಒಣಗಿದ್ದರೆ ಆ ಭಾಗ ಹೋಯಿತು. ಹಸಿರಾಗಿ ಒದ್ದೆ ಇದ್ದು ಹಾಲು ಜಿನುಗಿದರೆ ಅಲ್ಲಿಂದ ಕೆಳಗೆ ಜೀವವಿದೆ. ಆ ಜಾಗಕ್ಕೆ ಒಂದು ದಾರ ಕಟ್ಟಿ ಗುರುತಿಡಿ. ಕತ್ತರಿ ಮಾತ್ರ ಇನ್ನೂ ಹಿಡಿಯಬೇಡಿ.

ಯಾಕೆಂದರೆ ಕತ್ತರಿಸಿದರೆ ಗಿಡ ಚಿಗುರುತ್ತದೆ. ಜನವರಿಯಲ್ಲಿ ಚಿಗುರಿದರೆ ಮುಂದಿನ ಮಂಜು ಆ ಎಳೆ ಚಿಗುರನ್ನೂ ಸುಡುತ್ತದೆ. ಠೇವಣಿಯಿಂದ ಎರಡನೆಯ ಸಲ ಹಣ ತೆಗೆದ ಹಾಗಾಗುತ್ತದೆ. ಇಂಥ ಎರಡು ಮೂರು ಪೆಟ್ಟು ಬಿದ್ದರೆ ಗಟ್ಟಿ ಗಿಡವೂ ಸೋಲುತ್ತದೆ. ಫೆಬ್ರವರಿ ಕಳೆದು ಮಂಜಿನ ಭಯ ಹೋದ ಮೇಲೆ ಕತ್ತರಿಸಿ. ಕುಂಡದ ಗಿಡವನ್ನು ಮಣ್ಣಿನಿಂದ 4ರಿಂದ 6 ಅಂಗುಲಕ್ಕೆ, ಬೇಲಿಯ ಗಿಡವನ್ನು ಒಂದೆರಡು ಅಡಿಗೆ ಇಳಿಸಬಹುದು. ಯಾವುದಾದರೂ ಹಸಿರು ಇರುವ ಕಡೆಯಲ್ಲೇ, ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿ ಹಾಕಬೇಕು. ಮೇಲೆಲ್ಲ ಒಣಗಿದ್ದರೂ ಏಪ್ರಿಲ್ ಮುಗಿಯುವವರೆಗೆ ಕಾಯಿರಿ. ಬುಡದಲ್ಲಿ ಜೀವ ಉಳಿದಿದ್ದರೆ ಅಲ್ಲಿಂದ ಮೊಳಕೆ ಏಳುತ್ತದೆ.

ಹಾಲಿನ ವಿಷಯದಲ್ಲಿ ಜಾಗ್ರತೆ ಇರಲಿ. ಇದು ಪ್ರಾಣ ತೆಗೆಯುವ ವಿಷವೆಂದು ಕೆಲವರು ಹೆದರಿಸುತ್ತಾರೆ, ಅಷ್ಟೇನೂ ಇಲ್ಲ. ಆದರೆ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಕೆಲವರಿಗೆ ಚರ್ಮ ತುರಿಸುತ್ತದೆ, ಎಲೆ ತಿಂದರೆ ಹೊಟ್ಟೆ ಕೆಡುತ್ತದೆ. ಕೆಲಸವಾದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕತ್ತರಿಸಿದ ಕಡ್ಡಿಗಳನ್ನು ಮಕ್ಕಳಿಗೂ ಆಡು ಕರುಗಳಿಗೂ ಸಿಗದ ಹಾಗೆ ಇಡಿ.

ಮಂಜಿನಿಂದ ಉಳಿದ ಗಿಡ ಆಮೇಲೆ ಸಾಯುವುದು ಹೆಚ್ಚಾಗಿ ನೀರಿನಿಂದ. ಪಾಪ, ಬಾಡಿದೆ ಎಂದು ದಿನಕ್ಕೆರಡು ಸಲ ನೀರು ಸುರಿಯುತ್ತೇವೆ. ಎಲೆಯೇ ಇಲ್ಲದ ಗಿಡ ನೀರು ಕುಡಿಯುವುದು ಬಹಳ ಕಡಿಮೆ. ಉಳಿದ ನೀರು ನಿಂತು ಬೇರು ಕೊಳೆಯುತ್ತದೆ. ಬೆರಳನ್ನು ಒಂದು ಅಂಗುಲ ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ, ತೇವವಿದ್ದರೆ ಬಿಡಿ. ಕುಂಡದ ಕೆಳಗಿನ ತೂತು ಕಟ್ಟಿರಬಾರದು, ತಟ್ಟೆಯಲ್ಲಿ ನೀರು ನಿಲ್ಲಬಾರದು.

ಇನ್ನು ವರ್ಷದ ಲೆಕ್ಕ. ಚಿಗುರು ಎರಡು ಅಂಗುಲ ಬಂದ ಮೇಲೆ ಗಿಡವನ್ನು ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಿಸಿ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಸಮವಾಗಿ ಬೆರೆಸಿದರೆ ಸಾಕು. ಮೇ ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ಗೊಬ್ಬರದ ತಿಳಿನೀರು ಕೊಡಿ. ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಒಂದೊಂದು ಸಲ ಪ್ರತಿ ಕೊಂಬೆಯ ತುದಿ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಸೆಪ್ಟೆಂಬರ್ ಮೊದಲ ವಾರದ ನಂತರ ಚಿವುಟಬೇಡಿ, ಹೊಸ ತುದಿ ಕೆಂಪಾಗಲು ಸಮಯ ಸಾಲದು. ಅಕ್ಟೋಬರ್, ನವೆಂಬರ್ ಮಳೆಯಲ್ಲಿ ಕುಂಡವನ್ನು ಸೂರಿನ ಕೆಳಗೆ ಎಳೆಯಿರಿ. ಎಲೆಯ ಅಡಿಯಲ್ಲಿ ಬಿಳಿ ನೊಣ, ಗೆಣ್ಣಿನಲ್ಲಿ ಹಿಟ್ಟು ತಿಗಣೆ ಕಂಡರೆ ತೆಳು ಸೋಪು ನೀರಿನಲ್ಲಿ ಒರೆಸಿ. ಪೇಟೆಯಿಂದ ತಂದ ಗಿಡ್ಡ ಗಿಡ ಎರಡನೆಯ ವರ್ಷ ಉದ್ದ ಬೆಳೆದರೆ ಗಾಬರಿ ಬೇಡ. ಬೆಳೆಸುವವರು ಅದನ್ನು ಗಿಡ್ಡವಾಗಿಡಲು ಔಷಧಿ ಹಾಕಿರುತ್ತಾರೆ. ಅದರ ಶಕ್ತಿ ತೀರಿದ ಮೇಲೆ ಗಿಡ ತನ್ನ ಸಹಜ ಎತ್ತರಕ್ಕೆ ಹೋಗುತ್ತದೆ.

ಎಲೆ ಕೆಂಪಾಗುವುದಕ್ಕೆ ಬೇಕಾದ್ದು ಗೊಬ್ಬರವಲ್ಲ, ಕತ್ತಲೆ. ಸೆಪ್ಟೆಂಬರ್ ಕೊನೆಯಿಂದ ನಮ್ಮಲ್ಲಿ ರಾತ್ರಿ ಹಗಲಿಗಿಂತ ಉದ್ದವಾಗತೊಡಗುತ್ತದೆ. ಡಿಸೆಂಬರ್ ಹೊತ್ತಿಗೆ ಸುಮಾರು ಹನ್ನೆರಡೂವರೆ ಗಂಟೆಯಾಗುತ್ತದೆ. ಬೇಲಿಯ ಗಿಡ ಈ ಲೆಕ್ಕವನ್ನು ತಾನೇ ಇಟ್ಟುಕೊಂಡು ಕೆಂಪಾಗುತ್ತದೆ. ಆದರೆ ಬೀದಿದೀಪದ ಕೆಳಗಿನ ಗಿಡ, ರಾತ್ರಿ ಹತ್ತರವರೆಗೆ ದೀಪ ಉರಿಯುವ ಕೋಣೆಯ ಗಿಡ, ರಾತ್ರಿಯೇ ಆಗಿಲ್ಲವೆಂದು ತಿಳಿದು ಹಸಿರಾಗೇ ಉಳಿಯುತ್ತದೆ. ಅಂಥ ಕುಂಡಕ್ಕೆ ಅಕ್ಟೋಬರ್ ಮೊದಲಿಂದ ಎಂಟು ಹತ್ತು ವಾರ, ಸಂಜೆ ಐದಕ್ಕೆ ರಟ್ಟಿನ ಪೆಟ್ಟಿಗೆ ಕವುಚಿ ಬೆಳಿಗ್ಗೆ ಏಳೆಂಟರ ಹೊತ್ತಿಗೆ ತೆಗೆಯಿರಿ. ಹಗಲು ಒಳ್ಳೆಯ ಬೆಳಕು ಸಿಗಬೇಕು.

ಕೊನೆಯದಾಗಿ, ಮಂಜನ್ನು ತಡೆಯುವ ಬಗೆ. ಆಕಾಶ ಶುಭ್ರವಾಗಿ, ಗಾಳಿಯಿಲ್ಲದೆ, ಸಂಜೆಗೇ ಚಳಿ ಕಚ್ಚಿದರೆ ಆ ರಾತ್ರಿ ಮಂಜು ಬೀಳಬಹುದೆಂದು ತಿಳಿಯಿರಿ. ಮೋಡವಿದ್ದರೆ ನೆಲದ ಕಾವು ಅಲ್ಲೇ ಉಳಿಯುತ್ತದೆ. ಮೋಡವಿಲ್ಲದಿದ್ದರೆ ಎಲ್ಲ ಮೇಲೆ ಹೋಗುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಊಟಿಯ ತಲೈಕುಂದಾ, ಕಾಂದಲ್‌ನಂಥ ತಗ್ಗುಗಳು ಬೆಳ್ಳಗಾದ ದಿನವೂ ಮೇಲಿನ ಇಳಿಜಾರಿನ ಮನೆಗಳು ಪಾರಾಗುವುದು ಇದರಿಂದಲೇ. ಹಾಗಾಗಿ ಹೊಸ ಗಿಡವನ್ನು ತಗ್ಗಿನಲ್ಲಿ ನೆಡಬೇಡಿ. ಗೋಡೆಯ ಪಕ್ಕ, ಸೂರಿನ ಅಡಿ ಒಳ್ಳೆಯದು. ಮಂಜಿನ ಲಕ್ಷಣ ಕಂಡ ದಿನ ಸೂರ್ಯ ಮುಳುಗುವ ಮೊದಲೇ ನಾಲ್ಕು ಕೋಲು ನೆಟ್ಟು, ಗೋಣಿತಾಟನ್ನೋ ಹಳೆಯ ಕಂಬಳಿಯನ್ನೋ ನೆಲ ಮುಟ್ಟುವ ಹಾಗೆ ಇಳಿಬಿಡಿ. ಹೊದಿಕೆ ಎಲೆಗೆ ತಾಗಬಾರದು. ಬಿಸಿಲೇರಿದ ಮೇಲೆ ತೆಗೆಯಿರಿ. ತಾಳವಾಡಿ, ಹೊಸೂರು ಕಡೆಯ ಕೇಳುಗರಿಗೆ ಇಷ್ಟು ಶ್ರಮವಿಲ್ಲ. ಚಳಿ ಹೆಚ್ಚಿದ ರಾತ್ರಿ ಕುಂಡವನ್ನು ಒಳಗಿಟ್ಟರೆ ಸಾಕು.

ಇಷ್ಟೆಲ್ಲ ಮಾಡಿಯೂ ಕೆಲವು ವರ್ಷ ಮಂಜೇ ಗೆಲ್ಲಬಹುದು. ಅದಕ್ಕಾಗಿ ಮಾರ್ಚಿಯಲ್ಲಿ ಕತ್ತರಿಸಿದ ಜೀವವಿರುವ ಕಡ್ಡಿಗಳನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದ, ಆರೆಂಟು ಅಂಗುಲದ ತುಂಡು ಮಾಡಿ, ಒಂದು ದಿನ ನೆರಳಲ್ಲಿಟ್ಟು ಹಾಲು ಆರಲು ಬಿಡಿ. ಆಮೇಲೆ ತೇವದ ಮರಳಿನಲ್ಲಿ ಊರಿ ನೆರಳಲ್ಲಿಡಿ. ಕೆಲವು ವಾರಗಳಲ್ಲಿ ಬೇರು ಬರುತ್ತದೆ. ಒಂದು ಸಸಿ ನಿಮಗಿರಲಿ, ಇನ್ನೊಂದನ್ನು ಮಂಜಿಗೆ ಹೆದರಿ ಬೇಲಿ ಕಿತ್ತ ನೆರೆಮನೆಯವರಿಗೆ ಕೊಡಿ. ಕೊಡುವಾಗ ಉಗುರಿನಿಂದ ಕೆರೆದು ನೋಡುವ ವಿದ್ಯೆಯನ್ನೂ ಜೊತೆಗೇ ಹೇಳಿಕೊಡಿ.